ಕ್ಲಬ್ಬಿನ ಏಳನೆಯ ಕಂಬ

ಶೇಖರ ಆಚಾರಿ ಬಾಚಿಯನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಮೂರನೆಯ ಕಂಬದ ಬುಡಕ್ಕೆ ಎರಡು ಸಲ ಮೆಲ್ಲಗೆ ಬಡಿದ. ಒಳಗಿನಿಂದ ಖಾಲಿ ಡಬ್ಬಿಯ ಸದ್ದು ಬಂತು. ಹೆಬ್ಬೆರಳಿನಿಂದ ಒತ್ತಿದಾಗ ಹಳೆಯ ವಾರ್ನಿಷಿನ ಪೊರೆ ಕುಸಿದು, ಒರಲೆ ತಿಂದು ಬಿಟ್ಟ ಹುಡಿ ಪಾದದ ಮೇಲೆ ಸುರಿಯಿತು.

"ಇದೂ ಹೋಯಿತು ಪೊರ್ಬುಗಳೇ," ಎಂದ, ಊರಿನಲ್ಲಿ ಕ್ರಿಸ್ತಾನರನ್ನು ಕರೆಯುವ ಹಾಗೆ.

ಹಿಂದೆ ನಿಂತಿದ್ದ ಸಿಲ್ವೆಸ್ಟರ್ ಸುಣ್ಣದ ತುಂಡಿನಿಂದ ಆ ಕಂಬದ ಮೇಲೊಂದು ಶಿಲುಬೆ ಎಳೆದರು. "ಪಾಪ, ಮೂವತ್ತೇಳು ವರ್ಷ ನಿಂತಿತ್ತು. ಇದರ ಆತ್ಮಕ್ಕೆ ಶಾಂತಿ ಸಿಗಲಿ. ಮುಂದಿನದು ನೋಡಿ ಆಚಾರ್ರೆ, ಆಮೇಲೆ ಚಾ ಕುಡಿಯುವ."

1958ರ ಎಪ್ರಿಲ್ ತಿಂಗಳ ಕೊನೆ. ಕಾರ್ಕಳ ಪೇಟೆಯ ನಡುವೆ, ಕೋರ್ಟಿಗೂ ಬಸ್ಸು ನಿಲ್ಲುವ ಜಾಗಕ್ಕೂ ಸರಿಯಾಗಿ ಮಧ್ಯದಲ್ಲಿದ್ದ ಆ ಕಟ್ಟಡಕ್ಕೆ ಕಾಗದಪತ್ರಗಳಲ್ಲಿ ಉದ್ದವಾದ ಇಂಗ್ಲಿಷ್ ಹೆಸರೊಂದಿತ್ತು. ಊರಿನವರು ಹನ್ನೆರಡು ಕಂಬದ ಕ್ಲಬ್ಬು ಎಂದೇ ಕರೆಯುತ್ತಿದ್ದರು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಒಳಗೆ ಓದುವ ಕೋಣೆ, ಇಸ್ಪೀಟಿನ ಕೋಣೆ, ಹೊರಗೆ ಅಗಲವಾದ ಜಗಲಿ. ಜಗಲಿ ಪೇಟೆಯ ಬೀದಿಗೆ ಮುಖ ಮಾಡಿ ಆರು ಕಂಬಗಳಷ್ಟು ದೂರ ನೇರ ಹೋಗಿ, ಏಳನೆಯದರ ಬಳಿ ಮೂಲೆ ತಿರುಗಿ, ಹಿತ್ತಿಲಿನ ಅಡುಗೆಕೋಣೆಯ ಕಡೆಗೆ ಹೊರಳುತ್ತಿತ್ತು. ಸಂಜೆ ಕೋರ್ಟು ಬಿಟ್ಟ ವಕೀಲರು, ಡಾಕ್ಟರು, ಹೈಸ್ಕೂಲಿನ ಹೆಡ್ಮಾಸ್ಟರು, ನಾಲ್ಕೈದು ಮಂದಿ ಜಮೀನಿನವರು ಅಲ್ಲಿ ಸೇರುತ್ತಿದ್ದರು. ಸಿಲ್ವೆಸ್ಟರ್ ಅಲ್ಲಿನ ಬಟ್ಲರ್. ಇಪ್ಪತ್ತನಾಲ್ಕು ವರ್ಷಗಳಿಂದ ಹಿತ್ತಿಲ ಕೋಣೆಯಲ್ಲಿ ಹೆಂಡತಿ ಬರ್ತಾಳೊಂದಿಗೆ ಸಂಸಾರ ಮಾಡಿಕೊಂಡಿದ್ದವರು. ಮಗ ಪಾಸ್ಕಲ್ ಬೊಂಬಾಯಿಯಲ್ಲಿ ಹಡಗಿನ ಕೆಲಸಕ್ಕೆ ಸೇರಿದ್ದ. ಮಗಳು ಝೀಟಾಳನ್ನು ಕಾಪುವಿಗೆ ಕೊಟ್ಟಾಗಿತ್ತು.

ಹಿಂದಿನ ಮಳೆಗಾಲದಲ್ಲಿ ಜಗಲಿಯ ಮಾಡು ಒಂದು ಕಡೆ ಬೆರಳಿನಷ್ಟು ತಗ್ಗಿತ್ತು. ಕಂಬಗಳಿಗೆ ಒರಲೆ ಹಿಡಿದಿರಬೇಕೆಂದು ಕಮಿಟಿಗೆ ಸಂಶಯ ಬಂದು, ಕುಕ್ಕುಂದೂರಿನಿಂದ ಶೇಖರನನ್ನು ಕರೆಸಿದ್ದರು. ಅವನ ತಂದೆ ಶೀನಪ್ಪ ಆಚಾರಿ ಈ ಕಟ್ಟಡದ ಮುಖ್ಯ ಬಡಗಿಯಾಗಿದ್ದವರು. ಕಟ್ಟಿದವನ ಮಗನೇ ರಿಪೇರಿ ಮಾಡಲಿ ಎಂದು ಕಾರ್ಯದರ್ಶಿ ಉಮಾನಾಥ ಹೆಗ್ಡೆ ವಕೀಲರು ಹೇಳಿದ ಮೇಲೆ ಬೇರೆ ಮಾತು ಬಂದಿರಲಿಲ್ಲ.

ನಾಲ್ಕನೆಯದು ಗಟ್ಟಿಯಿತ್ತು. ಐದು, ಆರು ಹೋಗಿದ್ದವು. ಏಳನೆಯದಕ್ಕೆ ಬಡಿದಾಗ ತುಂಬಿದ ಕೊಡದ ಸದ್ದು ಬಂತು. ಸಿಲ್ವೆಸ್ಟರ್ ಮುಂದಿನ ಕಂಬಕ್ಕೆ ನಡೆದರು. ಶೇಖರ ಮಾತ್ರ ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತ. ಬೆಳಿಗ್ಗೆ ಮನೆಯಿಂದ ಹೊರಡುವಾಗ ತಂದೆ ಹೇಳಿದ್ದು ಒಂದೇ ಮಾತು: ಏಳನೇ ಕಂಬವನ್ನು ಒಮ್ಮೆ ಸರಿಯಾಗಿ ನೋಡಿ ಬಾ. ಯಾಕೆಂದು ಹೇಳಿರಲಿಲ್ಲ.

ಹೆಗಲ ಬಟ್ಟೆಯಿಂದ ಧೂಳು ಒರಸಿ ನೋಡಿದ. ಎಂಟು ಮೂಲೆಯ ಹಲಸಿನ ಕಂಬ. ಎದೆಯ ಎತ್ತರದಲ್ಲಿ ಒಂದು ಗಂಟು, ಅಂದರೆ ಹಿಂದೊಮ್ಮೆ ಕೊಂಬೆ ಹೊರಟಿದ್ದ ಜಾಗ. ಯಾವ ಮರದಲ್ಲಾದರೂ ಕೊಂಬೆ ಹೊರಡುವುದು ಮೇಲಕ್ಕೆ. ಗಂಟಿನ ಸುತ್ತಲಿನ ಎಳೆಯೂ ಮೇಲಕ್ಕೇ ಹರಿದಿರುತ್ತದೆ. ಇಲ್ಲಿ ಎಳೆ ಕೆಳಕ್ಕೆ ಹರಿದಿತ್ತು. ಶೇಖರ ಇನ್ನೊಂದು ಮಗ್ಗುಲಿಗೆ ಹೋಗಿ, ಸಣ್ಣದೊಂದು ಗಂಟನ್ನು ಹುಡುಕಿ ನೋಡಿದ. ಅದೂ ಹಾಗೆಯೇ ಇತ್ತು.

"ಅದಕ್ಕೂ ಶಿಲುಬೆ ಬೇಕಾ?" ಎಂದು ಸಿಲ್ವೆಸ್ಟರ್ ಅತ್ತಲಿಂದ ಕೇಳಿದರು.

"ಬೇಡ. ಇದು ಗಟ್ಟಿ ಉಂಟು," ಎಂದು ಶೇಖರ ಎದ್ದ.

ಸಂಜೆ ಅವನು ಕುಕ್ಕುಂದೂರಿಗೆ ಮರಳಿದಾಗ ಶೀನಪ್ಪ ಆಚಾರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಉಳಿ ಮಸೆಯುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಂಜಾಗಿ ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ, ಮಗನ ಉಳಿಗಳಿಗೆ ಸಾಣೆ ಕೊಡುವುದನ್ನು ಬಿಟ್ಟಿರಲಿಲ್ಲ. ಮಗನ ಹೆಜ್ಜೆಯ ಸದ್ದು ಕೇಳಿ ಕೈ ನಿಲ್ಲಿಸಿದರು.

"ನೋಡಿದೆಯಾ?"

"ನೋಡಿದೆ."

"ಎಂತ ನೋಡಿದೆ?"

"ಗಂಟು ಕೆಳಗೆ ನೋಡ್ತಾ ಉಂಟು, ಅಪ್ಪ."

ಮುದುಕರು ಉಳಿಯನ್ನು ಕೆಳಗಿಟ್ಟು, ನೀರು ಹತ್ತಿದ ಬೆರಳುಗಳನ್ನು ಪಂಚೆಗೆ ಒರಸಿಕೊಂಡರು. ಆಮೇಲೆ ನಿಧಾನವಾಗಿ, ನಡುನಡುವೆ ಎಲೆಯಡಿಕೆಗಾಗಿ ನಿಲ್ಲಿಸುತ್ತ, ಮೂವತ್ತೇಳು ವರ್ಷ ಯಾರಿಗೂ ಹೇಳದಿದ್ದುದನ್ನು ಮಗನಿಗೆ ಹೇಳಿದರು.

ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಕಟ್ಟಡದಲ್ಲೂ ಹಾಗೆಯೇ ನಿಲ್ಲಬೇಕು. ಬುಡ ಕೆಳಗೆ, ತುದಿ ಮೇಲೆ. ಇದು ಅವರ ಕಸುಬಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ. ತಲೆಕೆಳಗಾಗಿ ನಿಂತ ಕಂಬದ ಮನೆ ಏಳಿಗೆಯಾಗುವುದಿಲ್ಲ, ಅಲ್ಲಿ ಮಕ್ಕಳು ಉಳಿಯುವುದಿಲ್ಲ, ನಿಲ್ಲಿಸಿದ ಕೈಗೂ ಒಳ್ಳೆಯದಾಗುವುದಿಲ್ಲ ಎಂದು ಹಿರಿಯರ ಮಾತು. ಅದಕ್ಕಾಗಿ ಮರ ಕಡಿದ ಕೂಡಲೇ ಬುಡದ ಕಡೆಗೆ ಸುಣ್ಣದ ಗುರುತು ಹಾಕುತ್ತಾರೆ. ಕ್ಲಬ್ಬಿಗೆ ನಿಟ್ಟೆಯ ಕಡೆಯಿಂದ ಗಾಡಿಯಲ್ಲಿ ತಂದ ದಿಮ್ಮಿಗಳು ಒಂದು ಮಳೆಗಾಲ ಬಯಲಿನಲ್ಲಿ ಬಿದ್ದಿದ್ದವು. ಒಂದು ದಿಮ್ಮಿಯ ಗುರುತು ತೊಳೆದುಹೋಗಿತ್ತು. ಹಾಗಾದಾಗ ದಿಮ್ಮಿಯನ್ನು ಕೆರೆಗೆ ಇಳಿಸಿ ತೇಲಿಬಿಟ್ಟು ನೋಡುವ ಕ್ರಮವುಂಟು. ಬುಡದ ಕಡೆ ನೀರಿನಲ್ಲಿ ತುಸು ಹೆಚ್ಚು ಮುಳುಗುತ್ತದೆ. ಆನೆಕೆರೆ ಕೂಗಳತೆಯಲ್ಲೇ ಇತ್ತು. ಜೊತೆಯ ಬಡಗಿಗಳು ಕೆರೆಗೆ ಒಯ್ಯುವ ಎಂದರು. ಶೀನಪ್ಪ ಆಚಾರಿಗೆ ಆಗ ನಲವತ್ತೆರಡು ವರ್ಷ. ಇಡೀ ತಾಲೂಕಿನಲ್ಲಿ ಹೆಸರು.

"ನನ್ನ ಕಣ್ಣಿಗಿಂತ ಕೆರೆ ಬುದ್ಧಿವಂತವಾ ಅಂತ ಕೇಳಿದೆ ನಾನು," ಎಂದರು ಮುದುಕರು. "ಎಲ್ಲರೂ ನಗಾಡಿದರು. ದಪ್ಪ ಇದ್ದ ತುದಿಯನ್ನು ಬುಡ ಅಂತ ಹೇಳಿದೆ. ಅದು ಕವಲೊಡೆದ ಮರ, ಮೇಲೆಯೇ ದಪ್ಪ. ಕೆತ್ತಿ ಎಂಟು ಮೂಲೆ ಮಾಡಿದ ಮೇಲೆ ದಪ್ಪ ಯಾವುದು, ಸಪೂರ ಯಾವುದು?"

ಗೊತ್ತಾದದ್ದು ಕ್ಲಬ್ಬಿನ ಬಾಗಿಲು ತೆರೆಯುವ ದಿನ. ಎಣ್ಣೆ ಉಜ್ಜಿದ ಕಂಬಗಳ ಎಳೆಗಳೆಲ್ಲ ಎದ್ದು ಕಾಣುತ್ತಿದ್ದವು. ಮುನ್ಸೀಫರು ಜಗಲಿಯಲ್ಲಿ ನಿಂತು ಮುಖ್ಯ ಬಡಗಿಗೆ ಬೆಳ್ಳಿಯ ಕಡಗ ತೊಡಿಸುತ್ತಿದ್ದರು. ಕೈ ಮುಂದೆ ಚಾಚಿದ ಶೀನಪ್ಪ ಆಚಾರಿಗೆ ಮುನ್ಸೀಫರ ಭುಜದ ಹಿಂದೆ ಆ ಗಂಟು ಕಂಡಿತು. ಅಂದು ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಮುಂದಿನ ವರ್ಷ ಶೇಖರನ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಯುದ್ಧದ ಕಾಲದಲ್ಲಿ ಕ್ಲಬ್ಬಿನ ಬಟ್ಲರನ ಸಣ್ಣ ಮಗು ಜ್ವರ ಬಂದು ಹೋಯಿತೆಂಬ ಸುದ್ದಿ ಕುಕ್ಕುಂದೂರಿಗೆ ಬಂತು.

"ನಿನ್ನ ಅಮ್ಮನದ್ದು ನನ್ನ ಪಾಲಿನದ್ದು, ನಾನು ಅನುಭವಿಸಿದೆ. ಆದರೆ ಆ ಕಟ್ಟಡದಲ್ಲಿ ಒಲೆ ಹಚ್ಚಿ ಸಂಸಾರ ಅಂತ ಮಾಡಿದ್ದು ಆ ಪೊರ್ಬುಗಳದ್ದು ಮಾತ್ರ. ಅವರ ಮಗು ಎಂತ ತಪ್ಪು ಮಾಡಿತ್ತು?"

ಹೆಂಡತಿ ಸುಗಂಧಿ ಒಳಗಿನಿಂದ ದೀಪ ತಂದಿಟ್ಟು ಹೋದಳು.

"ನಾನು ಕಣ್ಣು ಮುಚ್ಚುವ ಮೊದಲು ಅದನ್ನು ತಿರುಗಿಸಿ ನಿಲ್ಲಿಸು," ಎಂದರು ಶೀನಪ್ಪ ಆಚಾರಿ. "ಬೇರೆ ಎಂತದೂ ಬೇಡ ನನಗೆ."

ಕೆಲಸ ಕಷ್ಟದ್ದಲ್ಲ. ಮೇಲೆ ತೊಲೆ ಹೊರುವ ಬೋದಿಗೆ ಬೇರೆ ತುಂಡು, ಕೆಳಗಿನ ಪಾದ ಕಲ್ಲಿನದು. ನಡುವಿನ ಕಂಬವನ್ನು ಕಳಚಿ ಮೇಲುಕೆಳಗು ಮಾಡಿದರೆ ಅಳತೆ ಕೆಡುವುದಿಲ್ಲ. ಕಷ್ಟವಿದ್ದದ್ದು ಬೇರೆಲ್ಲೋ. ಒರಲೆ ಮುಟ್ಟದ ಕಂಬವನ್ನು ಯಾಕೆ ಕಳಚುತ್ತೀರಿ ಎಂದು ಕೇಳಿದರೆ ನಿಜವನ್ನೇ ಹೇಳಬೇಕು. ಮನೆ ಕಟ್ಟುವವರು ಇಂದಿಗೂ ಶೇಖರನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಶೀನಪ್ಪ ಆಚಾರಿಯ ಮಗನೆಂದು. ಎರಡು ದಿನ ಅವನು ಆ ಕಂಬದ ಸುತ್ತ ಸುಮ್ಮನೆ ಸುಳಿದಾಡಿದ. ಮೂರನೆಯ ದಿನ ಉಮಾನಾಥ ಹೆಗ್ಡೆಯವರ ಆಫೀಸಿಗೆ ಹೋಗಿ, ಕಕ್ಷಿದಾರರೆಲ್ಲ ಎದ್ದು ಹೋಗುವ ತನಕ ಬಾಗಿಲಲ್ಲಿ ಕಾದು, ಎಲ್ಲವನ್ನೂ ಹೇಳಿದ.

ವಕೀಲರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಾವು ಕಂಡ ಕ್ಲಬ್ಬಿನ ಚರಿತ್ರೆಯನ್ನು ಹೇಳತೊಡಗಿದರು. ಯುದ್ಧದ ಸಮಯದಲ್ಲಿ ರೇಶನ್ನಿನ ಸೀರೆ, ಪಂಚೆ ಹಂಚಿದ್ದು ಅದೇ ಜಗಲಿಯಲ್ಲಿ. ಒಂದು ವರ್ಷ ಅಕ್ಕಿಗೆ ಬರ ಬಂದಾಗ ಹಿತ್ತಿಲಿನಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು ನಲವತ್ತು ದಿನ ಗಂಜಿ ಬೇಯಿಸಿದ್ದು. ಸ್ವಾತಂತ್ರ್ಯ ಬಂದ ಬೆಳಿಗ್ಗೆ ಧ್ವಜ ಏರಿಸಿದ್ದು ಅದರ ಅಂಗಳದಲ್ಲಿ. ಅಂದು ಮೊದಲ ಬಾರಿಗೆ ಪೇಟೆಯ ಹೆಂಗಸರು ಗೇಟಿನ ಒಳಗೆ ಬಂದದ್ದು. ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ದಿನ ರೇಡಿಯೋವನ್ನು ಕಿಟಕಿಯಲ್ಲಿಟ್ಟು ರಸ್ತೆಯಲ್ಲಿ ನಿಂತವರಿಗೆಲ್ಲ ಕೇಳಿಸಿದ್ದು. ಅವರೇ ಸಣ್ಣವರಿದ್ದಾಗ, ಕ್ಲಬ್ಬಿನ ಸದಸ್ಯರಲ್ಲದ ತಂದೆಯ ಮಗನಾಗಿದ್ದರೂ, ಓದುವ ಕೋಣೆಯ ಪುಸ್ತಕಗಳನ್ನು ಯಾರೋ ಹಿರಿಯರು ಜಗಲಿಗೆ ತಂದುಕೊಡುತ್ತಿದ್ದರಂತೆ. ಇಷ್ಟೆಲ್ಲ ಆದ ಕಟ್ಟಡಕ್ಕೆ ದೋಷ ಉಂಟೆಂದು ಹೇಗೆ ಹೇಳುವುದು ಎಂದು ತಮ್ಮನ್ನೇ ಕೇಳಿಕೊಂಡರು.

"ಆದರೆ ನಿಮ್ಮ ತಂದೆಯ ಮನಸ್ಸಿಗೆ ನನ್ನ ಮಾತಿನಿಂದ ಸಮಾಧಾನ ಆಗುವುದಿಲ್ಲ, ಅಲ್ವಾ?" ಎಂದರು. "ತಿರುಗಿಸಿ. ಕಮಿಟಿಗೆ ನಾನು ಹೇಳ್ತೇನೆ. ಮಳೆ ಬರುವುದರೊಳಗೆ ಆಗಬೇಕು. ಆ ದಿನ ಅವರನ್ನೂ ಕರೆದುಕೊಂಡು ಬನ್ನಿ."

ಸಿಲ್ವೆಸ್ಟರ್‌ಗೆ ಸುದ್ದಿ ತಿಳಿದದ್ದು ಮರುದಿನ ಚಾ ಕೊಡುವಾಗ. ತಟ್ಟೆ ಹಿಡಿದವರು ಹಾಗೇ ನಿಂತರು.

"ಎಂತ ಮರ್ಲು ಮಾರಾಯ್ರೆ ನಿಮಗೆ? ಒರಲೆಯೇ ದಾರಿ ತಪ್ಪಿ ವಾಪಸು ಹೋದ ಕಂಬ ಅದು. ಬುಡ ಯಾವುದು ತುದಿ ಯಾವುದು ಅಂತ ಅದಕ್ಕೆ ಗೊತ್ತಾಗಲಿಲ್ಲ. ಇದ್ದ ಹಾಗೆ ಇರಲಿ."

ಶೇಖರ ನಕ್ಕ. ತಂದೆಯ ಮಾತು, ಮೀರುವ ಹಾಗಿಲ್ಲ ಎಂದ. ಆಮೇಲೆ ಅಡುಗೆಕೋಣೆಯ ಕಡೆಗಿದ್ದ ಮುಖವನ್ನು ತೋರಿಸಿ, ಯಾರೋ ಇಲ್ಲಿ ಕತ್ತಿಯಲ್ಲಿ ಅಡ್ಡಡ್ಡ ಗೀರಿ ಹಾಳು ಮಾಡಿದ್ದಾರೆ, ತಿರುಗಿಸುವಾಗ ಕೀಸುಳಿ ಹಾಕಿ ನಯ ಮಾಡಿ ಕೊಡುತ್ತೇನೆ ಎಂದೂ ಹೇಳಿದ. ಸಿಲ್ವೆಸ್ಟರ್ ತಟ್ಟೆಯೊಂದಿಗೆ ಒಳಗೆ ಹೋದರು. ಅಂದು ಸಂಜೆಯ ಚಾಕ್ಕೆ ಸಕ್ಕರೆ ಹಾಕಿರಲಿಲ್ಲ.

ಗೀರುಗಳು ಅವರವೇ ಆಗಿದ್ದವು. ಕ್ಲಬ್ಬಿಗೆ ಬಂದ ಹೊಸತರಲ್ಲಿ, ಪ್ರತಿ ವರ್ಷ ಹೊಸ ಅಕ್ಕಿಯ ಊಟದ ದಿನ, ಸದಸ್ಯರು ಬರುವ ಮೊದಲು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆ ಮೂಲೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಅಡುಗೆಯ ಕತ್ತಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಕೊನೆಗೆ ಹೆಸರಿನ ಮೊದಲ ಅಕ್ಷರ. ಪಾಸ್ಕಲನದ್ದು ಒಂಬತ್ತು, ಝೀಟಾಳದ್ದು ಏಳು. ಕೊನೆಯವನು ಬೆಂಜಮಿನ್, ಅವನದ್ದು ನಾಲ್ಕು. ಕ್ಲಬ್ಬಿನ ಕಂಬಕ್ಕೆ ಕತ್ತಿ ತಾಗಿಸಿದ್ದು ತಿಳಿದರೆ ಕೆಲಸ ಹೋದೀತೆಂದು ಮೊದಲಿನಿಂದಲೂ ಅಂಜಿಕೆಯಿತ್ತು. ಈಗ ಕಾರ್ಯದರ್ಶಿಗಳೇ ಅಪ್ಪಣೆ ಕೊಟ್ಟಾಗಿತ್ತು. ಬಾಯಿ ತೆರೆದರೆ ತನ್ನ ಕಳ್ಳತನ ಹೊರಬೀಳುತ್ತದೆ. ತೆರೆಯದಿದ್ದರೆ ಬರ್ತಾ ಒಂದು ದಿನ ಎದ್ದು ಬಂದು ನೋಡುವಾಗ ಕಂಬ ನುಣ್ಣಗಿರುತ್ತದೆ. ಅವರು ಎರಡನ್ನೂ ಮಾಡಲಾರದೆ, ಸೆಖೆಗೆ ನಿದ್ದೆ ಬರುವುದಿಲ್ಲವೆಂದು ಹೆಂಡತಿಗೆ ಹೇಳುತ್ತ ಮೂರು ವಾರ ಕಳೆದರು.

ಆ ಮೂರು ವಾರಗಳಲ್ಲಿ ಐದು ಹೊಸ ಕಂಬಗಳು ನಿಂತವು. ಈ ಸಲ ಶೇಖರ ಪ್ರತಿ ದಿಮ್ಮಿಯನ್ನೂ ಆನೆಕೆರೆಗೆ ಇಳಿಸಿ ನೋಡಿದ. ಗುರುತು ಸ್ಪಷ್ಟವಾಗಿದ್ದದ್ದನ್ನೂ ಇಳಿಸಿದ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಆಚಾರಿಗಳು ಮರಕ್ಕೆ ಸ್ನಾನ ಮಾಡಿಸುತ್ತಾರೆಂದು ಚೇಷ್ಟೆ ಮಾಡಿದರು.

ಮೇ ತಿಂಗಳ ಕೊನೆಯ ಗುರುವಾರ ಏಳನೆಯ ಕಂಬದ ಕೆಲಸವೆಂದು ನಿಗದಿಯಾಯಿತು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಶೀನಪ್ಪ ಆಚಾರಿ ನಸುಕಿಗೇ ಎದ್ದು ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಸಿಪ್ಪೆ ಸುಲಿದ ತೆಂಗಿನಕಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಬಂದರು. ಕ್ಲಬ್ಬಿನ ಮೆಟ್ಟಿಲುಗಳ ಮುಂದೆ ಬಂದಾಗ ಅವರ ಕಾಲು ನಿಂತಿತು. ಸಿಲ್ವೆಸ್ಟರ್ ಇಳಿದು ಬಂದು ತೋಳು ಹಿಡಿದರು.

"ಬನ್ನಿ ಆಚಾರ್ರೆ. ನೀವೇ ಇಟ್ಟ ಮೆಟ್ಟಿಲು."

"ಮೆಟ್ಟಿಲು ಕಲ್ಲಿನವನದ್ದು," ಎಂದರು ಮುದುಕರು. "ನನ್ನದು ಮರದ್ದು ಮಾತ್ರ."

ಶೇಖರ ಕಂಬದ ಎರಡೂ ಬದಿಗೆ ದಪ್ಪ ಆಸರೆಗಳನ್ನು ಕೊಟ್ಟು, ಮೇಲಿನ ತೊಲೆಯ ಕೆಳಗೆ ಬೆಣೆ ಹೊಡೆಯತೊಡಗಿದ. ಒಂದೊಂದು ಏಟಿಗೂ ಮಾಡಿನ ಹಂಚುಗಳು ಸಣ್ಣಗೆ ಕಿರುಗುಟ್ಟಿದವು. ಕೊನೆಗೆ ತೊಲೆ ಕೂದಲೆಳೆಯಷ್ಟು ಮೇಲೆದ್ದಿತು. ಮೂವತ್ತೇಳು ವರ್ಷಗಳ ನಂತರ ಕಂಬ ಈಗ ಯಾವ ಭಾರವನ್ನೂ ಹೊತ್ತಿರಲಿಲ್ಲ.

ಕಳಚುವ ಮೊದಲು ಮರಕ್ಕೆ ಎಣ್ಣೆ ಹಚ್ಚಿ ತಪ್ಪಾಯಿತೆಂದು ಹೇಳಬೇಕೆಂದರು ಶೀನಪ್ಪ ಆಚಾರಿ. ಸಿಲ್ವೆಸ್ಟರ್ ಚಿಪ್ಪಿನಲ್ಲಿ ಎಣ್ಣೆ ತಂದುಕೊಟ್ಟರು. ಮುದುಕರು ಅಂಗೈಗೆ ಸುರಿದುಕೊಂಡು, ಕೈ ಎಟಕುವಷ್ಟು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರುತ್ತ ಬಂದರು. ತುಟಿ ಅಲುಗುತ್ತಿತ್ತು. ಗಂಟಿನ ಬಳಿ ಕೈ ಒಂದು ಗಳಿಗೆ ನಿಂತು ಮುಂದೆ ಸರಿಯಿತು. ಆಮೇಲೆ ಪಕ್ಕದ ಮುಖಕ್ಕೆ ಹೋದಾಗ ಬೆರಳುಗಳು ಮತ್ತೆ ನಿಂತವು.

"ಇದೆಂತ?"

"ಯಾರೋ ಕತ್ತಿಯಲ್ಲಿ ಗೀರಿದ್ದು ಅಪ್ಪ. ಕೀಸಿ ತೆಗಿತೇನೆ."

ಮುದುಕರ ಬೆರಳುಗಳು ಒಂದು ಗೆರೆಯಿಂದ ಇನ್ನೊಂದಕ್ಕೆ ಏರಿದವು, ಇಳಿದವು, ಗೆರೆಯ ಕೊನೆಯ ಅಕ್ಷರವನ್ನು ತಡಕಿದವು. "ಗೀರಿದ್ದಲ್ಲ. ಮಟ್ಟ ನೋಡಿ ಎಳೆದದ್ದು. ಇದು ಅಳತೆ."

ಅಷ್ಟು ಹೊತ್ತಿಗೆ ಬರ್ತಾ ಸೆರಗಿಗೆ ಕೈ ಒರಸಿಕೊಳ್ಳುತ್ತ ಅಡುಗೆಕೋಣೆಯಿಂದ ಹೊರಗೆ ಬಂದರು. ಆಸರೆಗಳನ್ನೂ ಬೆಣೆಗಳನ್ನೂ ನೋಡಿದರು. ಏನೆಂದು ಗಂಡನನ್ನು ಕೊಂಕಣಿಯಲ್ಲಿ ಕೇಳಿದರು. ಸಿಲ್ವೆಸ್ಟರ್ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು. ತಮ್ಮ ಮೂರು ವಾರದ ಮೌನವನ್ನೂ ಹೇಳಿರಬೇಕು, ಯಾಕೆಂದರೆ ಬರ್ತಾ ಅವರತ್ತ ಒಮ್ಮೆ ನೋಡಿ ಮುಖ ತಿರುಗಿಸಿದರು. ನಂತರ ಕಂಬದ ಹತ್ತಿರ ಬಂದು, ಸೊಂಟದಿಂದ ಸ್ವಲ್ಪ ಮೇಲಿದ್ದ ಒಂದು ಗೆರೆಯ ಮೇಲೆ ಅಂಗೈ ಇಟ್ಟರು.

"ಇದು ನನ್ನ ಬೆಂಜಮಿನ್. ಆರು ವರ್ಷದ್ದು," ಎಂದರು ಕನ್ನಡದಲ್ಲಿ. "ಅವನ ಫೋಟೋ ತೆಗೆಸಲಿಲ್ಲ ನಾವು. ಉಡುಪಿಗೆ ಹೋಗಿ ತೆಗೆಸುವ ಅಂತ ಇತ್ತು, ಆಗಲಿಲ್ಲ. ಅವನ ತಲೆ ನನ್ನ ಕೈಗೆ ಎಲ್ಲಿ ಸಿಗುತ್ತಿತ್ತು ಅಂತ ಗೊತ್ತಿರುವುದು ಇಲ್ಲಿ ಮಾತ್ರ." ಅವರು ತಲೆಯೆತ್ತಿ ಮಾಡಿನ ಪಕಾಸುಗಳನ್ನು ನೋಡಿದರು. "ತಿರುಗಿಸಿದರೆ ಅವನು ಅಲ್ಲಿಗೆ ಹೋಗ್ತಾನೆ, ಅಲ್ವಾ?"

ಶೇಖರ ಕೈಯಲ್ಲಿದ್ದ ಕೊಡತಿಯನ್ನು ನೆಲಕ್ಕಿಟ್ಟ.

ಶೀನಪ್ಪ ಆಚಾರಿ ಕಂಬವನ್ನು ಹಿಡಿದುಕೊಂಡೇ ಅವರ ಧ್ವನಿ ಬಂದ ಕಡೆಗೆ ತಿರುಗಿದರು. "ಬಾಯಮ್ಮ, ಈ ಕಂಬ ನಿಲ್ಲಿಸಿದ್ದು ನಾನು. ತಲೆಕೆಳಗೆ ನಿಲ್ಲಿಸಿದೆ. ಜಂಬದಿಂದ ನಿಲ್ಲಿಸಿದೆ. ಮಗು ಹೋದ ಸುದ್ದಿ ಕೇಳಿದ ದಿನದಿಂದ ಅದು ನನ್ನಿಂದ ಆದದ್ದು ಅಂತ..."

ರಸ್ತೆಯಲ್ಲಿ ಉಡುಪಿಯ ಬಸ್ಸು ಹಾದುಹೋಯಿತು.

"ಅವನು ಹೋದದ್ದು ಜ್ವರದಲ್ಲಿ," ಎಂದರು ಬರ್ತಾ. "ಆ ವರ್ಷ ಇಗರ್ಜಿಯ ಹಿಂದೆ ಹದಿನಾಲ್ಕು ಸಣ್ಣ ಗುಂಡಿ ತೆಗೆದರು. ಅವರ ಮನೆಯ ಕಂಬ ಎಲ್ಲ ನೀವು ಇಟ್ಟದ್ದಾ?"

ಮುದುಕರ ಬೆರಳುಗಳು ಮತ್ತೆ ಗೆರೆಗಳ ಮೇಲೆ ಹೋದವು.

"ನಾನು ದಿನಾ ಜಪಸರ ಹಿಡಿದು ತೇರ್ಸ್ ಹೇಳಿ ಆದ ಮೇಲೆ ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳ್ತೇನೆ. ಈ ಕಂಬ ಮಾಡಿದವರಿಗೆ ಅಂತ. ಮರ ಒಳ್ಳೇದಿರದಿದ್ದರೆ ಗೆರೆ ಉಳಿಯುತ್ತಿತ್ತಾ? ಆ ಕಡೆ ನೋಡಿ, ಎಲ್ಲ ಒರಲೆ ತಿಂದು ಹೋಯಿತು. ಹದಿನೈದು ವರ್ಷ ಆಯಿತು ಹೇಳ್ಲಿಕ್ಕೆ ಶುರು ಮಾಡಿ. ಹೆಸರು ಗೊತ್ತಿರಲಿಲ್ಲ." ಸ್ವಲ್ಪ ತಡೆದು ಕೇಳಿದರು: "ಎಂತ ಹೆಸರು ನಿಮ್ಮದು?"

"ಶೀನಪ್ಪ," ಎಂದರು ಅವರು.

ಬರ್ತಾ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ ಹಾಗೆ ತಲೆಯಾಡಿಸಿದರು.

ಮುದುಕರು ಕಂಬದಿಂದ ಕೈ ತೆಗೆದರು. "ಶೇಖರ, ಬೆಣೆ ತೆಗಿ."

"ಅಪ್ಪ, ಗಂಟು..."

"ಗಂಟು ಎಲ್ಲಿಗೆ ಬೇಕಾದರೂ ನೋಡಲಿ. ಬೆಣೆ ತೆಗಿ."

ಶೇಖರ ಬೆಣೆಗಳನ್ನು ಒಂದೊಂದಾಗಿ ಸಡಿಲಿಸಿದ. ತೊಲೆ ಮೆಲ್ಲಗೆ ಇಳಿದು, ನಿಟ್ಟುಸಿರಿನಂಥ ಒಂದು ಸದ್ದು ಮಾಡಿ, ತನ್ನ ಹಳೆಯ ಜಾಗದಲ್ಲಿ ಕುಳಿತಿತು. ಅದೇ ಹೊತ್ತಿಗೆ ಉಮಾನಾಥ ಹೆಗ್ಡೆಯವರು ಕೋರ್ಟಿನ ಬಿಡುವಿನಲ್ಲಿ ಕಪ್ಪು ಕೋಟು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ನಡೆದದ್ದನ್ನು ಶೇಖರ ಹೇಳಿದ. ಕತ್ತಿ ತಾಗಿಸಿದ್ದು ತಾನೆಂದು, ಕೈ ಕಟ್ಟಿ ನಿಂತು, ಸಿಲ್ವೆಸ್ಟರೇ ಹೇಳಿದರು. ವಕೀಲರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಕೆಳಗಿನಿಂದ ಮೇಲಿನ ತನಕ ಇಪ್ಪತ್ತು ಗೆರೆಗಳನ್ನೂ ಓದಿದರು.

"ಒಬ್ಬರದ್ದು ಮೂವತ್ತೇಳು ವರ್ಷದ ಹಿಂದಿನ ಅಪರಾಧ. ಇನ್ನೊಬ್ಬರದ್ದು ಇಪ್ಪತ್ತರ ಹತ್ತಿರದ್ದು," ಎಂದರು. "ಎರಡಕ್ಕೂ ವಾಯಿದೆ ದಾಟಿತು. ನಾನು ಎಂತ ಮಾಡುವ ಹಾಗೂ ಇಲ್ಲ." ಆಮೇಲೆ ಶೀನಪ್ಪ ಆಚಾರಿಯ ಎಣ್ಣೆಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ನೀವು ಕಟ್ಟಿದ ಜಗಲಿಯಲ್ಲಿ ನಾನು ಓದಿದವನು ಎಂದಷ್ಟೇ ಹೇಳಿ ಕೋರ್ಟಿಗೆ ಮರಳಿದರು.

ಮರಕ್ಕೆಂದು ತಂದ ತೆಂಗಿನಕಾಯಿಯನ್ನು ಮುದುಕರು ಬರ್ತಾ ಅವರ ಕೈಗೆ ಕೊಟ್ಟರು. ಅವರು ಅದನ್ನು ತುರಿದು, ಬೆಲ್ಲ ಬೆರೆಸಿ, ಅವಲಕ್ಕಿ ಕಲಸಿ ಎಲ್ಲರಿಗೂ ಬಾಳೆಲೆಯ ತುಂಡಿನಲ್ಲಿ ಹಾಕಿದರು. ಗಂಡನಿಗೆ ಕೊನೆಗೆ ಹಾಕಿದರು, ಆದರೆ ಸ್ವಲ್ಪ ಹೆಚ್ಚೇ ಹಾಕಿದರು. ತಿಂದಾದ ಮೇಲೆ ಶೀನಪ್ಪ ಆಚಾರಿಯನ್ನು ಜಗಲಿಯ ಉದ್ದ ತೋಳಿನ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಅದು ಅಧ್ಯಕ್ಷರು ಕೂರುವ ಕುರ್ಚಿಯೆಂದು ಅವರಿಗೆ ಯಾರೂ ಹೇಳಲಿಲ್ಲ. ಶೇಖರ ಆಸರೆಗಳನ್ನು ಕಳಚಿ, ಹತ್ಯಾರುಗಳನ್ನು ಒರಸಿ ಚೀಲಕ್ಕೆ ತುಂಬಿಸಿ, ಹೋಗುವ ಎಂದು ಹೇಳಲು ಬಂದಾಗ ಅವರಿಗೆ ನಿದ್ದೆ ಹತ್ತಿತ್ತು.

ಐದು ಗಂಟೆಗೆ ಕೋರ್ಟು ಬಿಟ್ಟಿತು. ಮೊದಲು ಬಂದ ಉಮಾನಾಥ ಹೆಗ್ಡೆಯವರು ಕುರ್ಚಿಯ ಕಡೆ ನೋಡಿ, ಮೆಟ್ಟಿಲಲ್ಲೇ ನಿಂತು, ಬಗ್ಗಿ ಬೂಟಿನ ದಾರ ಬಿಚ್ಚಿದರು. ಬೂಟುಗಳನ್ನು ಕೈಯಲ್ಲಿ ಹಿಡಿದು ಕಾಲುಚೀಲದಲ್ಲಿ ಒಳಗೆ ನಡೆದರು. ಅವರ ಹಿಂದೆ ಬಂದ ಡಾಕ್ಟರು ಏನೆಂದು ಕೇಳಲು ಬಾಯಿ ತೆರೆದವರು, ಸಿಲ್ವೆಸ್ಟರ್ ತೋರಿಸಿದತ್ತ ನೋಡಿ ತಾವೂ ಬೂಟು ಕಳಚಿದರು. ಹೆಡ್ಮಾಸ್ಟರು ಕಳಚಿದರು. ಅಧ್ಯಕ್ಷರು ಬಂದು, ತಮ್ಮ ಕುರ್ಚಿಯಲ್ಲಿ ಬಾಯಿ ತುಸು ತೆರೆದು ಮಲಗಿದ್ದ ಮುದುಕರನ್ನು ನೋಡಿ, ಒಳಗಿನಿಂದ ಸ್ಟೂಲೊಂದನ್ನು ತರಿಸಿಕೊಂಡರು. ಇಸ್ಪೀಟಿನವರು ಎಲೆಗಳ ಸದ್ದಾಗದಂತೆ ಮೇಜಿನ ಮೇಲೆ ಟವೆಲು ಹಾಸಿದರು.

ಕತ್ತಲಾಗುವ ಮೊದಲು ಊರು ಸೇರಬೇಕೆಂದು ಗಾಡಿಯವನು ಗೇಟಿನ ಬಳಿ ಬಂದು ನಿಂತ. ಮೆಟ್ಟಿಲ ಮೇಲೆ ಕುಳಿತಿದ್ದ ಶೇಖರ ಕೈಯೆತ್ತಿ ಸನ್ನೆ ಮಾಡಿದ. ಗಾಡಿಯವನು ಜಗಲಿಯತ್ತ ಒಮ್ಮೆ ನೋಡಿದ. ನೊಗ ಇಳಿಸಿ, ಎತ್ತುಗಳ ಮುಂದೆ ಹುಲ್ಲು ಹರಡಿ, ಅದರಲ್ಲೇ ಒಂದೊಂದು ಹಿಡಿಯನ್ನು ತೆಗೆದು ಅವುಗಳ ಕೊರಳ ಗಂಟೆಗಳೊಳಗೆ ತುರುಕಿದ.